ಮೊದಲು ಒತ್ತಬಾರದಿದ್ದ ಗುಂಡಿ

ಪೆಟ್ಟಿಗೆ ತುರ್ಭೆಯಿಂದ ವಾಪಸು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಎಂದಿನಂತೆ ಅದನ್ನು ನನ್ನ ಮೇಜಿನ ಮೇಲಿಟ್ಟು ಮೊದಲು ಕಪ್ಪು ವೈರು, ಆಮೇಲೆ ಕೆಂಪು ವೈರು ಜೋಡಿಸಿದೆ. ಪವರ್ ಸಪ್ಲೈಯ ಮುಳ್ಳು ಹನ್ನೆರಡು ವೋಲ್ಟಿಗೆ ಬಂದು ಅಲುಗಾಡದೆ ನಿಂತ ಮೇಲೆ ಕೀಲಿ ತಿರುಗಿಸಿದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕೆಂಪು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದೆ. ಪೆಟ್ಟಿಗೆಯ ಮುಖದ ಮೇಲೆ ಸೊನ್ನೆಗಳು ಮೂಡಿದವು, ಮಾಯವಾದವು, ಮತ್ತೆ ಮೂಡಿದವು. ಒಳಗಿದ್ದ ಹಳೆಯ ಅಂಕಿಗಳೆಲ್ಲ ಅಳಿಸಿಹೋಗಿ ಮೂಲ ಪಟ್ಟಿ ಬಂದು ಕೂತಿದೆ ಎಂಬುದಕ್ಕೆ ಅದೇ ಗುರುತು. ಈ ಕ್ರಮವನ್ನು ನಾನೇ ಬರೆದು, ಟೈಪ್ ಮಾಡಿಸಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೆ.

ಚಹಾ ಬರುವ ಹೊತ್ತಿಗೆ ಮಾಲೀಕರ ಕೋಣೆಯಲ್ಲಿ ಫೋನ್ ರಿಂಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಶನಿವಾರ ವ್ಯಾನಿನ ಡ್ರೈವರ್ ಮಣಿಕಟ್ಟು ಮುರಿದುಕೊಂಡಿದ್ದಾನೆ. ಹ್ಯಾಂಡಲ್ ಹೊಡೆಯುವಾಗ ಎಂಜಿನ್ ತಿರುಗಿ ಒದ್ದಿತಂತೆ. ಪೆಟ್ಟಿಗೆಯಲ್ಲಿ ಅಂಕಿಗಳೆಲ್ಲ ಸರಿ ಇವೆಯಾ ನೋಡಿ ಹೇಳಿ ಅಂತಿದ್ದಾರೆ," ಎಂದರು.

ನಾನು ಪೆಟ್ಟಿಗೆಯ ಕಡೆ ನೋಡಿದೆ. ಅದರಲ್ಲಿ ಏನಿತ್ತೋ ಅದನ್ನು ಹದಿನೈದು ನಿಮಿಷದ ಹಿಂದೆ ನಾನೇ ಅಳಿಸಿದ್ದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಗಾಡಿಯೊಳಗೆ ಕಂಪ್ಯೂಟರ್ ಎಂದರೆ ಆಗ ಜನ ನಗುತ್ತಿದ್ದರು. ಠಾಣೆಯ ವಾಗಳೆ ಎಸ್ಟೇಟಿನಲ್ಲಿ, ರಟ್ಟಿನ ಡಬ್ಬ ಮಾಡುವ ಶೆಡ್ಡೊಂದರ ಮಹಡಿಯ ಮೇಲೆ ನಮ್ಮ ಕಂಪನಿ ಇತ್ತು. ಎಲ್ಲ ಸೇರಿ ಹನ್ನೊಂದು ಜನ. ತುರ್ಭೆಯಲ್ಲಿ ವಾಹನ ತಯಾರಿಸುವ ಕಂಪನಿಯೊಂದು ತನ್ನ ಪೆಟ್ರೋಲ್ ವ್ಯಾನಿಗೆ ಎಲೆಕ್ಟ್ರಾನಿಕ್ ಇಗ್ನಿಶನ್ ಕೂಡಿಸಲು ಹೊರಟಿತ್ತು. ಸಿಲಿಂಡರಿನೊಳಗೆ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದನ್ನು ಅಂಗೈ ಅಗಲದ ಒಂದು ಕಂಟ್ರೋಲ್ ಯೂನಿಟ್ ತೀರ್ಮಾನಿಸಬೇಕು. ಎಂಜಿನ್ ಎಷ್ಟು ವೇಗದಲ್ಲಿದೆ, ಎಷ್ಟು ಭಾರ ಎಳೆಯುತ್ತಿದೆ ಎಂದು ನೋಡಿ, ಇನ್ನೂರ ಐವತ್ತಾರು ಮನೆಗಳ ಒಂದು ಪಟ್ಟಿಯಿಂದ ತಕ್ಕ ಅಂಕಿಯನ್ನು ಆರಿಸಿಕೊಳ್ಳಬೇಕು. ಆ ಅಂಕಿಗಳು ಯಾವುವು ಎಂದು ಗೊತ್ತಾಗುವುದು ರಸ್ತೆಯ ಮೇಲೆ ಓಡಿಸಿ, ತಿದ್ದಿ, ಮತ್ತೆ ಓಡಿಸಿದರೆ ಮಾತ್ರ. ಹಾಗೆ ತಿದ್ದಲು ಬೇಕಾದ ಕ್ಯಾಲಿಬ್ರೇಶನ್ ಪೆಟ್ಟಿಗೆಯನ್ನು ಮಾಡಿಕೊಡುವುದು ನಮ್ಮ ಕೆಲಸ. ಅಲ್ಯೂಮಿನಿಯಮ್ಮಿನ ಪೆಟ್ಟಿಗೆ, ಮೇಲೆ ಹಿಡಿಕೆ, ಮುಖಕ್ಕೆ ಕೆಂಪು ಅಂಕಿಗಳ ಡಿಸ್‌ಪ್ಲೇ. ಕಂಟ್ರೋಲ್ ಯೂನಿಟ್ಟಿನ ನೆನಪಿನ ಚಿಪ್ಪನ್ನು ಕಿತ್ತು ಅದರ ಜಾಗಕ್ಕೆ ಈ ಪೆಟ್ಟಿಗೆಯ ಕೇಬಲ್ ಸಿಕ್ಕಿಸಿದರೆ, ಕೂತಲ್ಲಿಂದಲೇ ಅಂಕಿ ಬದಲಿಸಬಹುದಿತ್ತು. ಕೀಲಿ ಆಫ್ ಮಾಡಿದರೂ ಒಳಗಿನ ಪುಟ್ಟ ಸೆಲ್ಲಿನ ಬಲದಿಂದ ಅಂಕಿಗಳು ಉಳಿಯುತ್ತಿದ್ದವು.

ಅದರ ಪವರ್ ಮತ್ತು ರೀಸೆಟ್ ಭಾಗದ ನಕ್ಷೆ ನನ್ನದು. ಡ್ರಾಯಿಂಗಿನ ಮೂಲೆಯಲ್ಲಿ ನನ್ನ ಸಹಿ ಇತ್ತು.

ಕೈ ಮುರಿದುಕೊಂಡ, ವಾಹನ ಕಂಪನಿಯ ಆ ಡ್ರೈವರನ್ನು ನಾನು ಚೆನ್ನಾಗಿ ಬಲ್ಲೆ. ಐವತ್ತು ದಾಟಿದ ಮನುಷ್ಯ, ವಿಜಾಪುರದ ಕಡೆಯವರು, ಕಲ್ಯಾಣದಲ್ಲಿ ಮನೆ. ಘೋಡಬಂದರ್ ರಸ್ತೆಯಲ್ಲಿ ಆಗ ಮರ, ಗುಡ್ಡ, ಖಾಲಿ ಡಾಂಬರು ಬಿಟ್ಟರೆ ಹೆಚ್ಚೇನಿರಲಿಲ್ಲ. ಏರು ಹತ್ತಿಸಿ ಇಳಿಸಿ ನೋಡಲು ಅದು ಹೇಳಿ ಮಾಡಿಸಿದ ಜಾಗ. ವಾರಗಟ್ಟಲೆ ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಮೊದಲ ದಿನ ಹಿಂದಿಯಲ್ಲೇ ಮಾತಾಡುತ್ತಿದ್ದೆವು. ನಾನು ಅಂಕಿ ಬರೆದುಕೊಳ್ಳುವಾಗ ಬಾಯಲ್ಲಿ "ಇಪ್ಪತ್ತೆರಡು, ಇಪ್ಪತ್ತನಾಲ್ಕು" ಅಂದುಕೊಂಡದ್ದು ಅವರ ಕಿವಿಗೆ ಬಿತ್ತು. ಗಾಡಿಯನ್ನೇ ನಿಲ್ಲಿಸಿಬಿಟ್ಟರು.

"ಅಲ್ಲಬೇ, ಇಷ್ಟೊತ್ತನಕ ಹಿಂದಿ ಮಾತಾಡಿಸಿದೆಲ್ಲ ನನ್ನ! ಯಾವೂರು?"

"ಉಡುಪಿ ಬದಿಯವರು. ಹುಟ್ಟಿದ್ದೆಲ್ಲ ಇಲ್ಲೇ, ಡೊಂಬಿವಲಿ."

"ಹಂಗಾರ ನಂದೂ ನಿಂದೂ ಕನ್ನಡ ಬ್ಯಾರೆ ಬ್ಯಾರೆ. ಇರಲಿ, ನಡೀತೈತಿ."

ಅಂದಿನಿಂದ ನಾನು ತಂಗೆವ್ವ, ಅವರು ಕಾಕಾ. ಆ ಶನಿವಾರ ಮಾತ್ರ ನಾನು ಹೋಗಿರಲಿಲ್ಲ. ವ್ಯಾನನ್ನು ತುರ್ಭೆಯ ಶೆಡ್ಡಿನಿಂದ ಹೊರಗೆ ತೆಗೆದು ಅಂಗಳದ ಆ ಬದಿಗೆ ನಿಲ್ಲಿಸುವುದಷ್ಟೇ ಕೆಲಸವಿತ್ತು. ಪೆಟ್ಟಿಗೆ ಗಾಡಿಯಲ್ಲೇ ಇತ್ತು.

ಸುದ್ದಿ ಬಂದ ಸೋಮವಾರ ಸಂಜೆ ನಾನು ಲೋಕಲ್ ರೈಲಿನಿಂದ ಡೊಂಬಿವಲಿಯಲ್ಲಿ ಇಳಿಯದೆ ಮುಂದಕ್ಕೆ ಕಲ್ಯಾಣಕ್ಕೇ ಹೋದೆ. ಚಾಳಿನ ಜಗಲಿಯಲ್ಲಿ ಕಾಕಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಬೆರಳುಗಳು ಊದಿ ನುಣ್ಣಗಾಗಿದ್ದವು. ಅವರ ಹೆಂಡತಿ, ಕಾಕು, ಒಳಗಿಂದ ಚಹಾ ತಂದುಕೊಟ್ಟು ಹೊಸ್ತಿಲ ಮೇಲೆ ಕೂತರು.

"ಹೆಂಗಾಯ್ತು ಕಾಕಾ?"

"ಹೆಂಗಾಗೂದು! ಹ್ಯಾಂಡಲ್ ಎಳದೆ, ಅದು ನನ್ನ ಎಳೀತು." ನಕ್ಕರು. ಆಮೇಲೆ ನಗು ನಿಂತಿತು. "ಅವರು ಏನಂತಾರ ಗೊತ್ತೈತೇನು? ಹೆಬ್ಬೆರಳ ಸುತ್ತಿ ಹಿಡದಿದ್ದಿ, ಅದಕ ಮುರೀತು ಅಂತಾರ. ಇಪ್ಪತ್ತೈದ ವರ್ಷ ಆತು ತಂಗೆವ್ವ ನಾ ಹ್ಯಾಂಡಲ್ ಹೊಡಿಯಾಕ ಹತ್ತಿ. ಹೆಬ್ಬೆರಳ ಎಲ್ಲಿ ಇಡಬೇಕಂತ ನನಗ ಈಗ ಇವರು ಕಲಸಬೇಕೇನು?"

ಹ್ಯಾಂಡಲ್ ಎಂದರೆ ಎಂಜಿನ್ನಿನ ಮೂತಿಗೆ ಸಿಕ್ಕಿಸಿ ಕೈಯಿಂದ ತಿರುಗಿಸುವ ಕಬ್ಬಿಣದ ಸರಳು. ಸೆಲ್ಫ್, ಅಂದರೆ ಎಂಜಿನ್ ಶುರು ಮಾಡುವ ಮೋಟರು, ಕೈಕೊಟ್ಟರೆ ಇರಲಿ ಎಂದು ಆಗಿನ ಗಾಡಿಗಳಿಗೆಲ್ಲ ಅದಿರುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗೆ ಇಡಬೇಕು. ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ.

"ವಿಚಾರಣಾ ನಡಸ್ತಾರಂತ," ಕಾಕು ಹೊಸ್ತಿಲಿನಿಂದ ಹೇಳಿದರು. "ತಪ್ಪು ಇವರದ ಅಂತ ಆದರ ಕೆಲಸದಿಂದ ತಗೀತಾರಂತ. ಕೈ ನೆಟ್ಟಗ ಆಗದಿದ್ರ ಬ್ಯಾರೆ ಯಾರು ಗಾಡಿ ಕೊಡ್ತಾರ್ರಿ?"

ಪೆಟ್ಟಿಗೆಯ ಪಟ್ಟಿಯನ್ನು ನಾನು ಅಳಿಸಿದ್ದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಾಗಲಿಲ್ಲ. "ನಾನು ನೋಡ್ತೇನೆ ಕಾಕಾ," ಎಂದಷ್ಟೇ ಹೇಳಿ ಎದ್ದೆ.

ಎಂಜಿನ್ ಹಿಂದಕ್ಕೆ ಒದೆಯಬೇಕಾದರೆ ಕಿಡಿ ಬೇಗ ಹಾರಿರಬೇಕು. ಕೈಯಿಂದ ತಿರುಗಿಸುವಾಗ ಪಿಸ್ಟನ್ ನಿಧಾನವಾಗಿ ಏರುತ್ತದೆ, ಆಗ ಕಿಡಿ ಅದು ಮೇಲೆ ಮುಟ್ಟುವ ಹೊತ್ತಿಗೇ ಬರಬೇಕು, ಎಂಜಿನ್ ತಿರುಗುವ ಸುತ್ತಿನಲ್ಲಿ ಹೆಚ್ಚೆಂದರೆ ಐದು ಡಿಗ್ರಿ ಮೊದಲು. ಮೂವತ್ತು ಡಿಗ್ರಿ ಮೊದಲೇ ಹಾರಿದರೆ ಏರುತ್ತಿರುವ ಪಿಸ್ಟನ್ನನ್ನು ಬೆಂಕಿ ಕೆಳಕ್ಕೆ ನೂಕುತ್ತದೆ. ನಮ್ಮ ಪಟ್ಟಿಯ ಮೊದಲ ಸಾಲಿನ ಹದಿನಾರು ಮನೆಗಳು ಎಂಜಿನ್ ಶುರುವಾಗುವ ಹೊತ್ತಿನವು. ಅಲ್ಲೆಲ್ಲ ಐದು ಎಂದೇ ಇತ್ತು. ಶನಿವಾರವೂ ಐದೇ ಇತ್ತೋ ಇಲ್ಲವೋ ಎಂಬುದು ಪ್ರಶ್ನೆ.

ಮಂಗಳವಾರದಿಂದ ಪೆಟ್ಟಿಗೆಯನ್ನು ಪರೀಕ್ಷಿಸಲು ಕೂತೆ. ಆನ್ ಮಾಡುವುದು, ಪಟ್ಟಿಯ ಒಟ್ಟು ಮೊತ್ತ ನೋಡುವುದು, ಆಫ್ ಮಾಡುವುದು. ಇನ್ನೂರ ಐವತ್ತಾರು ಅಂಕಿಗಳನ್ನು ಕೂಡಿದ ಮೊತ್ತವನ್ನು ಪೆಟ್ಟಿಗೆ ತಾನೇ ತೋರಿಸುತ್ತಿತ್ತು. ಒಂದು ಮನೆ ಬದಲಾದರೂ ಮೊತ್ತದಲ್ಲಿ ಗೊತ್ತಾಗುತ್ತದೆ. ನೂರು ಸಲ ಮಾಡಿದೆ. ಮೊತ್ತ ಕದಲಲಿಲ್ಲ. ಸೋಲ್ಡರಿಂಗ್ ಐರನ್ ಹತ್ತಿರ ಹಿಡಿದು ಬಿಸಿ ಮಾಡಿದೆ, ಮುಚ್ಚಳದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದೆ, ಕೇಬಲ್ ಎಳೆದಾಡಿದೆ. ಬುಧವಾರ ಇನ್ನೂ ನೂರು ಸಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ನೋಯುತ್ತಿತ್ತು, ಪೆಟ್ಟಿಗೆ ಮಾತ್ರ ಅಂಗಡಿಯಿಂದ ತಂದ ಹೊಸ ಗಡಿಯಾರದ ಹಾಗೆ ಸರಿಯಾಗಿತ್ತು.

ಮಾಲೀಕರು ಮರಾಠಿಯವರು. ನನ್ನ ಜೊತೆ ಮರಾಠಿ ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಅವರು ಕೆಟ್ಟವರಲ್ಲ. ಸ್ವಂತ ಕೈಯಿಂದ ಸೋಲ್ಡರ್ ಮಾಡಿ ಮೇಲೆ ಬಂದವರು, ಈ ಒಂದು ಆರ್ಡರಿನ ಮೇಲೆ ಕಂಪನಿ ನಿಂತಿದೆ ಎಂಬ ಚಿಂತೆ ಅವರಿಗಿತ್ತು.

"ಮೂರು ದಿನ ಆಯಿತು. ಪೆಟ್ಟಿಗೆ ಸರಿ ಇದೆ ತಾನೇ?"

"ಈಗ ಸರಿ ಇದೆ ಸಾಹೇಬ್."

"ಹಾಗಾದರೆ ಹಾಗೇ ಬರೆದುಕೊಡು. ಸೋಮವಾರ ತುರ್ಭೆಯಲ್ಲಿ ಮೀಟಿಂಗ್ ಇದೆ." ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಅಪಘಾತದ ವರದಿ, ಟೈಪ್ ಆಗಿ ಬಂದಿತ್ತು. ಕಾರಣ ಎಂಬಲ್ಲಿ ಡ್ರೈವರ್ ಹ್ಯಾಂಡಲನ್ನು ತಪ್ಪಾಗಿ ಹಿಡಿದದ್ದು ಎಂದಿತ್ತು. ಕೆಳಗೆ, ಕ್ಯಾಲಿಬ್ರೇಶನ್ ಪೆಟ್ಟಿಗೆಯನ್ನು ಪರೀಕ್ಷಿಸಲಾಗಿದೆ, ದೋಷವಿಲ್ಲ ಎಂಬ ಸಾಲು. ಅದರ ಪಕ್ಕದ ಖಾಲಿ ಜಾಗ ನನ್ನ ಸಹಿಗೆ.

ಕಾಗದವನ್ನು ಡ್ರಾಯರಿನಲ್ಲಿಟ್ಟು ಅಂದು ಸಂಜೆ ಮತ್ತೆ ಕಲ್ಯಾಣಕ್ಕೆ ಹೋದೆ. ಈ ಸಲ ಕೂತ ತಕ್ಷಣ ಹೇಳಿಬಿಟ್ಟೆ.

"ಕಾಕಾ, ಪೆಟ್ಟಿಗೆಯಲ್ಲಿ ಶನಿವಾರದ ಅಂಕಿ ಏನಿತ್ತು ಅಂತ ಈಗ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ನಾನೇ ಅಳಿಸಿಬಿಟ್ಟೆ. ಗೊತ್ತಿರಲಿಲ್ಲ ನನಗೆ."

ಅವರು ತಮ್ಮ ಪ್ಲಾಸ್ಟರನ್ನು ನೋಡಿಕೊಂಡರು. "ಗೊತ್ತಿದ್ದು ಅಳಿಸಿದ್ರ ಬ್ಯಾರೆ ಮಾತು," ಎಂದರು. "ಈಗ ಏನ ಮಾಡೂಣು ಹೇಳು."

"ಅವತ್ತು ಮಾಡಿದ್ದೆಲ್ಲ ಮೊದಲಿಂದ ಹೇಳಿ. ಒಂದೂ ಬಿಡಬೇಡಿ, ಸಣ್ಣದಾದ್ರೂ."

ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. "ಗಾಡಿ ಮೂರ ದಿನ ನಿಂತಿತ್ತು. ಕೀಲಿ ಕೊಟ್ಟೆ, ಸೆಲ್ಫ್ ಹೊಡದೆ. ಒಂದ ಸುತ್ತು ಊಂ ಅಂತ ತಿರಗಿತು, ಆಮ್ಯಾಲೆ ಬರೇ ಕಟ್ ಕಟ್ ಕಟ್. ಮೀಟರಿನ ಲೈಟ್ ಹಳದೀ ಆಗಿ ಸತ್ತಂಗ ಆಗೂದು, ಬಿಟ್ರ ಮತ್ತ ಬೆಳಗೂದು. ಐದಾರ ಸಲ ಹಂಗ ಮಾಡಿದೆ. ಬ್ಯಾಟರಿ ಕೂತೈತಿ ಅಂತ ಕೀಲಿ ತಗದು, ಹ್ಯಾಂಡಲ್ ತಂದು ಹಚ್ಚಿ, ಮತ್ತ ಕೀಲಿ ಕೊಟ್ಟು ಎಳದೆ. ಅಷ್ಟ."

"ಲೈಟ್ ಹಳದಿ ಆಗಿ ಮತ್ತೆ ಬೆಳಗ್ತಿತ್ತು?"

"ಹೂಂ ಮತ್ತ. ಬ್ಯಾಟರಿ ಕೂತಾಗ ಎಲ್ಲಾ ಗಾಡ್ಯಾಗೂ ಹಂಗ ಆಗತೈತಿ."

ಬ್ಯಾಟರಿ ಶಕ್ತಿಗುಂದಿ ಕೂತಾಗ ವೋಲ್ಟೇಜು ಹೀಗೆ ಬಿದ್ದು ಏಳುತ್ತದೆ ಎಂದು ಎಲ್ಲ ಡ್ರೈವರುಗಳಿಗೂ ಗೊತ್ತಿದ್ದ ಸಂಗತಿ ನನ್ನ ನಕ್ಷೆಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ನಾನು ಮೂರು ದಿನ ಮಾಡಿದ್ದೇನು? ಸೊನ್ನೆಯಿಂದ ಹನ್ನೆರಡಕ್ಕೆ ಏರಿಸಿದ್ದು, ಹನ್ನೆರಡರಿಂದ ಸೊನ್ನೆಗೆ ಇಳಿಸಿದ್ದು. ಕೆಂಪು ಗುಂಡಿಯದಲ್ಲ, ಪವರ್ ಬಂದಾಗ ತಾನಾಗಿಯೇ ಆಗುವ ನನ್ನ ರೀಸೆಟ್ ಎಂದರೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಪವರ್ ಬಂದಾಗ ಕೆಪಾಸಿಟರು ತುಂಬುವವರೆಗೆ ಪ್ರೊಸೆಸರನ್ನು ತಡೆದು ನಿಲ್ಲಿಸಿ, ಆಮೇಲೆ ಮೊದಲಿನಿಂದ ಶುರು ಮಾಡಿಸುತ್ತದೆ. ವೋಲ್ಟೇಜು ಸೊನ್ನೆಯಿಂದ ಏರಿದರೆ ಇದು ಸರಿ. ಹನ್ನೆರಡರಿಂದ ಆರಕ್ಕೋ ಏಳಕ್ಕೋ ಜಾರಿ ಮತ್ತೆ ಎದ್ದರೆ ಕೆಪಾಸಿಟರು ಖಾಲಿಯೇ ಆಗುವುದಿಲ್ಲ, ರೀಸೆಟ್ ಬರುವುದೇ ಇಲ್ಲ. ಆ ಅರ್ಧ ಜೀವದ ಹೊತ್ತಿನಲ್ಲಿ ಪ್ರೊಸೆಸರ್ ದಿಕ್ಕು ತಪ್ಪಿ, ಬರೆಯಬಾರದ ಜಾಗದಲ್ಲಿ ಏನಾದರೂ ಬರೆದುಬಿಡಬಹುದು. ಕೀಲಿ ತೆಗೆದು ಮತ್ತೆ ಕೊಟ್ಟಾಗ ಎಲ್ಲವೂ ನೆಟ್ಟಗೆ ಶುರುವಾಗುತ್ತದೆ, ಆದರೆ ಕೆಟ್ಟ ಪಟ್ಟಿಯೊಂದಿಗೆ.

"ಕಾಕಾ, ನನಗೊಂದು ಕೂತ ಬ್ಯಾಟರಿ ಬೇಕು, ಒಂದು ಸೆಲ್ಫ್ ಮೋಟರ್ ಬೇಕು. ನಮ್ಮ ಕಂಪನಿಯಲ್ಲಿ ಎರಡೂ ಇಲ್ಲ."

"ಉಲ್ಹಾಸನಗರದಾಗ ನನಗ ಗೊತ್ತಿದ್ದ ಮಿಸ್ತ್ರಿ ಒಬ್ಬ ಅದಾನ. ಸೆಲ್ಫ್ ರಿಪೇರಿ ಮಾಡ್ತಾನ. ಆದಿತ್ಯವಾರ ಹೋಗೂಣು. ನಾನೂ ಬರ್ತೇನಿ, ಕಾಲ ಏನ ಮುರದಿಲ್ಲ."

ಮರುದಿನ ಮಾಲೀಕರಿಗೆ ಹೇಳಿ ಪೆಟ್ಟಿಗೆ ಹೊರಗೆ ಒಯ್ಯಲು ಒಪ್ಪಿಗೆ ಕೇಳಿದೆ. "ಏನೂ ಸಿಗದಿದ್ದರೆ ಸಹಿ ಹಾಕ್ತೀಯಾ?" ಎಂದರು. "ಹಾಕ್ತೇನೆ," ಎಂದೆ. ಗೇಟ್ ಪಾಸ್ ಬರೆದುಕೊಟ್ಟರು.

ಭಾನುವಾರ ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಕಲ್ಯಾಣದಲ್ಲಿ ಕಾಕಾ ಕಾಯುತ್ತಿದ್ದರು. ಮಿಸ್ತ್ರಿಯ ಅಂಗಡಿ ಉಲ್ಹಾಸನಗರದ ಒಂದು ಗಲ್ಲಿಯಲ್ಲಿತ್ತು. ಮುಂದೆ ಬಟ್ಟೆ ಅಂಗಡಿ, ಹಿಂದೆ ಇದು. ಸಿಂಧಿ ಮುದುಕರು, ಕನ್ನಡಕದ ಒಂದು ಕಾಲಿನ ಜಾಗಕ್ಕೆ ವೈರು ಕಟ್ಟಿದ್ದರು. ನಾನು ಬೇಕಾದ್ದು ಹೇಳಿದಾಗ ಕಾಕಾನ ಮುಖ ನೋಡಿದರು.

"ಸಬ್ ಲೋಗ್ ಅಚ್ಛೀ ಬ್ಯಾಟರಿ ಮಾಂಗ್ತೇ ಹೈಂ. ಯೇ ಬೇಟಿ ಖರಾಬ್ ಮಾಂಗ್ತೀ ಹೈ!"

ಒಳ್ಳೆಯ ಬ್ಯಾಟರಿ ಕೇಳುವವರ ನಡುವೆ ನಾನು ಕೆಟ್ಟದ್ದನ್ನು ಕೇಳಿದ್ದು ಅವರಿಗೆ ದೊಡ್ಡ ತಮಾಷೆ. ಆದರೂ ಐದಾರು ಬ್ಯಾಟರಿ ತಡವಿ ನೋಡಿ, ತಕ್ಕಷ್ಟು ಕೆಟ್ಟದ್ದೊಂದನ್ನು ಆರಿಸಿಕೊಟ್ಟರು. ಸೆಲ್ಫ್ ಮೋಟರನ್ನು ಮೇಜಿನ ವೈಸ್ ಇಕ್ಕಳದಲ್ಲಿ ಬಿಗಿದರು. ಸುಮ್ಮನೆ ತಿರುಗಿದರೆ ಅದು ಹೆಚ್ಚು ಕರೆಂಟು ಎಳೆಯುವುದಿಲ್ಲ, ಎಂಜಿನ್ನಿನ ಭಾರ ಬೇಕಲ್ಲ ಎಂದೆ. ಅವರು ಒಂದು ಸಾಗುವಾನಿ ತುಂಡನ್ನು ತಂದು ತಿರುಗುವ ತುದಿಗೆ ಒತ್ತಿ ಹಿಡಿಯಲು ಸಿದ್ಧರಾದರು. ಅದೇ ಬ್ಯಾಟರಿಗೆ ನಮ್ಮ ಪೆಟ್ಟಿಗೆಯನ್ನೂ ಜೋಡಿಸಿದೆ. ಪಕ್ಕದಲ್ಲಿ ವೋಲ್ಟ್ ಮೀಟರ್. ಕಾಕಾ ಎಡಗೈಯಿಂದ ಸ್ವಿಚ್ ಒತ್ತುವುದು, ಮಿಸ್ತ್ರಿ ಮರ ಒತ್ತುವುದು, ನಾನು ಕೀಲಿ ತೆಗೆದು ಮತ್ತೆ ಕೊಟ್ಟು ಮೊತ್ತ ಬರೆದುಕೊಳ್ಳುವುದು. ಕೆಂಪು ಗುಂಡಿಯ ಮೇಲೆ ಬಿಳಿ ಟೇಪ್ ಅಂಟಿಸಿದ್ದೆ, ಅಭ್ಯಾಸದಿಂದ ಕೈ ಹೋಗದಿರಲಿ ಎಂದು.

ಮೋಟರ್ ನರಳಿತು. ಮರ ಸುಟ್ಟ ವಾಸನೆ ಬಂತು. ಮುಳ್ಳು ಹನ್ನೆರಡರಿಂದ ಏಳಕ್ಕೆ ಬಿದ್ದು ಎದ್ದಿತು. ಮೊತ್ತ ನೋಡಿದೆ. ಬದಲಾಗಿರಲಿಲ್ಲ. ಎರಡನೆಯ ಸಲ ಇಲ್ಲ. ಐದನೆಯ ಸಲವೂ ಇಲ್ಲ. ಏಳನೆಯದೂ ಹಾಗೇ. ಇಲ್ಲೂ ಏನೂ ಸಿಗದಿದ್ದರೆ ನಾಳೆ ಸಹಿ ಹಾಕಬೇಕು.

ಒಂಬತ್ತನೆಯ ಸಲ ಮೊತ್ತ ಬೇರೆ ಬಂತು.

ಒಂದೊಂದೇ ಮನೆ ತೆರೆದು ನೋಡಿದೆ. ಹನ್ನೊಂದನೆಯ ಸಾಲಿನಲ್ಲಿ ಇಪ್ಪತ್ತಾರು ಇರಬೇಕಾದಲ್ಲಿ ಅರವತ್ತಮೂರು. ಕಾಕಾ ಬಗ್ಗಿ ನೋಡಿ, "ಅಂದ್ರ?" ಎಂದರು.

"ಅಂದರೆ ಪೆಟ್ಟಿಗೆ ತನ್ನಷ್ಟಕ್ಕೆ ಅಂಕಿ ಬದಲಾಯಿಸ್ತದೆ ಕಾಕಾ. ಬ್ಯಾಟರಿ ಕೂತಾಗ."

ಮಧ್ಯಾಹ್ನದವರೆಗೆ ನಲವತ್ತು ಸಲ ಮಾಡಿದೆವು. ಆರು ಸಲ ಪಟ್ಟಿ ಕೆಟ್ಟಿತು. ಆದರೆ ಕೆಟ್ಟದ್ದೆಲ್ಲ ಬೇರೆ ಬೇರೆ ಸಾಲುಗಳಲ್ಲಿ. ನನಗೆ ಬೇಕಿದ್ದ ಮೊದಲ ಸಾಲು ಒಮ್ಮೆಯೂ ಕೆಡಲಿಲ್ಲ. ನಲವತ್ತನೆಯ ಸಲಕ್ಕೆ ಬ್ಯಾಟರಿ ಪೂರ್ತಿ ಸತ್ತಿತು, ಮರದ ತುಂಡು ಅರ್ಧ ಸವೆದಿತ್ತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಇನ್ನೊಂದು ಕೆಟ್ಟ ಬ್ಯಾಟರಿ ಬೇಕೇ ಎಂದು ಕೇಳಿದರು. ನಾನು ಬೇಡವೆಂದೆ. ಇನ್ನು ನಾನೂರು ಸಲ ಮಾಡಿ ಒಮ್ಮೆ ಮೊದಲ ಸಾಲು ಕೆಟ್ಟರೂ, ಶನಿವಾರ ಅದೇ ಆಗಿತ್ತು ಎಂದು ಹೇಳಿದಂತಾಗುವುದಿಲ್ಲ. ಅದನ್ನು ಹೇಳಬಲ್ಲದ್ದು ಒಂದೇ ಇತ್ತು, ಅದು ಅಳಿಸಿಹೋಗಿತ್ತು.

ಸೋಮವಾರ ತುರ್ಭೆಗೆ ಬಸ್ಸಿನಲ್ಲಿ ಹೋಗುವಾಗ ಮಾಲೀಕರು ನನ್ನ ನೋಟ್‌ಬುಕ್ಕಿನ ಆ ಎರಡು ಪುಟಗಳನ್ನು ಮತ್ತೆ ಮತ್ತೆ ಓದಿದರು.

"ದೋಷ ಇದೆ, ಒಪ್ಪಿದೆ. ರಿಪೇರಿ ಮಾಡೋಣ. ಆದರೆ ಮೊದಲ ಸಾಲು ಕೆಟ್ಟಿಲ್ಲ ತಾನೇ? ಹಾಗಾದರೆ ಅವನ ಕೈಗೂ ಇದಕ್ಕೂ ಸಂಬಂಧ ಇದೆ ಅಂತ ನಾವೇ ಯಾಕೆ ಹೇಳಬೇಕು? ಎರಡೂ ಬೇರೆ ಬೇರೆ ಕಾಗದ ಮಾಡೋಣ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಠಾಣೆ ಬೇಲಾಪುರ ರಸ್ತೆಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡುತ್ತ ಅದನ್ನೇ ಯೋಚಿಸಿದೆ. ಪೆಟ್ಟಿಗೆಯೇ ಕೈ ಮುರಿಯಿತು ಎಂದು ನಾನು ಹೇಳಲಾರೆ. ಹಾಗಾದರೆ ಕಾಕಾನೇ ಮುರಿದುಕೊಂಡರು ಎಂದು ಯಾರು ಹೇಳಬಲ್ಲರು?

ಮೀಟಿಂಗಿನಲ್ಲಿ ವಾಹನ ಕಂಪನಿಯ ಎಂಜಿನಿಯರ್ ಒಬ್ಬರು, ಅವರ ಸುರಕ್ಷತೆ ವಿಭಾಗದವರೊಬ್ಬರು ಇದ್ದರು. ಕಾಕಾನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ನಾನು ಸಹಿ ಇಲ್ಲದ ಕಾಗದವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಬ್ಯಾಟರಿ ಕೂತರೆ ಪಟ್ಟಿ ಕೆಡುತ್ತದೆ, ನಲವತ್ತರಲ್ಲಿ ಆರು ಸಲ ಕೆಟ್ಟಿತು, ಮೊದಲ ಸಾಲು ಕೆಡಲಿಲ್ಲ, ನಕ್ಷೆ ನನ್ನದು. ಎಂಜಿನಿಯರ್ ನನ್ನ ನೋಟ್‌ಬುಕ್ ಎಳೆದುಕೊಂಡು ನೋಡಿದರು. ಮಿತಭಾಷಿ, ಯಾವುದನ್ನೂ ಎರಡು ಸಲ ಕೇಳುವವರಲ್ಲ.

"ಅಂದರೆ ಡ್ರೈವರನ ತಪ್ಪಿಲ್ಲ ಅಂತೀರಾ?"

"ಪೆಟ್ಟಿಗೆಯದೇ ತಪ್ಪು ಅಂತ ನಾನು ಸಾಧಿಸಲಾರೆ ಸರ್. ಯಾಕೆಂದರೆ ವಾಪಸು ಬಂದ ತಕ್ಷಣ ಪಟ್ಟಿಯನ್ನು ಅಳಿಸಿದವಳು ನಾನು. ಆದರೆ ಅದೇ ಕಾರಣಕ್ಕೆ ಡ್ರೈವರನ ತಪ್ಪು ಅಂತ ಸಾಧಿಸಲಿಕ್ಕೂ ಯಾರಿಂದಲೂ ಆಗುವುದಿಲ್ಲ. ಅವರ ಪರವಾಗಿ ಹೇಳಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನು ಕಳೆದಿದ್ದೇನೆ. ಅದಕ್ಕೆ ಅವರು ಶಿಕ್ಷೆ ಅನುಭವಿಸಬಾರದು."

ಸುರಕ್ಷತೆಯವರು, "ಇದನ್ನು ಬರೆದುಕೊಡ್ತೀರಾ?" ಎಂದರು. "ಕೊಡ್ತೇನೆ," ಎಂದೆ. ಫ್ಯಾನಿನ ಗಾಳಿಗೆ ಕಾಗದದ ಅಂಚು ಎದ್ದೆದ್ದು ಬೀಳುತ್ತಿತ್ತು. ಎಂಜಿನಿಯರ್ ನಮ್ಮ ಮಾಲೀಕರ ಕಡೆ ನೋಡಿದರು. ಮಾಲೀಕರು ಗಂಟಲು ಸರಿ ಮಾಡಿಕೊಂಡರು. ಬೇರೆ ಕಾಗದದ ಮಾತು ಎತ್ತುತ್ತಾರೆ ಎಂದುಕೊಂಡೆ.

"ಪೆಟ್ಟಿಗೆ ನಮ್ಮದು ಸರ್," ಎಂದರು. "ಅವಳ ಸಹಿಯ ಕೆಳಗೆ ನನ್ನದೂ ಇರುತ್ತದೆ."

ತಿರುಗಿ ಬಂದು ಠಾಣೆಯಲ್ಲಿ ಬಸ್ಸಿನಿಂದ ಇಳಿಯುವಾಗ ಅವರು, "ಪೆಟ್ಟಿಗೆ ಸರಿ ಮಾಡಲು ಮೂರು ವಾರ ಕೊಟ್ಟಿದ್ದಾರೆ. ನಾಳೆ ಬೇಗ ಬಾ," ಎಂದರು.

ಆ ಮೂರು ವಾರ ನಾನು ಬಹುಶಃ ಜೀವನದಲ್ಲೇ ಅತ್ಯಂತ ನಿಧಾನವಾಗಿ, ಎಚ್ಚರದಿಂದ ಕೆಲಸ ಮಾಡಿದೆ. ರೆಸಿಸ್ಟರು ಕೆಪಾಸಿಟರಿನ ಜೋಡಿಯನ್ನು ಕಿತ್ತು ಹಾಕಿದೆ. ಅದರ ಬದಲಿಗೆ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡ್ ಮಾಡಿದೆ. ಚಿಪ್ಪುಗಳಿಗೆ ಹೋಗುವ ಐದು ವೋಲ್ಟನ್ನು ಅದು ಸದಾ ಕಾಯುತ್ತಿರುತ್ತದೆ. ನಾಲ್ಕೂ ಮುಕ್ಕಾಲಿಗಿಂತ ಕೆಳಗಿಳಿದ ಕ್ಷಣವೇ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ, ಜೊತೆಗೆ ನೆನಪಿನ ಚಿಪ್ಪಿಗೆ ಏನನ್ನೂ ಬರೆಯಲಾಗದಂತೆ ದಾರಿ ಮುಚ್ಚುತ್ತದೆ. ವೋಲ್ಟೇಜು ಮತ್ತೆ ಮೇಲೆ ಬಂದು ಸ್ವಲ್ಪ ಹೊತ್ತು ಸ್ಥಿರವಾಗಿ ನಿಂತ ಮೇಲಷ್ಟೇ ಬಿಡುತ್ತದೆ. ಮೊದಲನೆಯ ಬೋರ್ಡು ಅತಿ ಸೂಕ್ಷ್ಮವಾಯಿತು, ಹಾರ್ನ್ ಹೊಡೆದರೂ ರೀಸೆಟ್ ಮಾಡುತ್ತಿತ್ತು. ಎರಡನೆಯದು ಬಿಸಿಯಾದಾಗ ಅಳತೆ ತಪ್ಪಿತು. ಮೂರನೆಯದು ನಿಂತಿತು. ಪ್ರೋಗ್ರಾಮಿನಲ್ಲೂ ಒಂದು ಕಾವಲು ಹಾಕಿದೆವು: ಮೊದಲ ಸಾಲಿನಲ್ಲಿ ಹತ್ತಕ್ಕಿಂತ ದೊಡ್ಡ ಅಂಕಿ ಕಂಡರೆ ಪೆಟ್ಟಿಗೆ ಕಿಡಿ ಹಾರಲೇ ಬಿಡುವುದಿಲ್ಲ. ಉಲ್ಹಾಸನಗರದ ಮಿಸ್ತ್ರಿಯ ಅಂಗಡಿಗೆ ಇನ್ನೆರಡು ಭಾನುವಾರ ಹೋದೆ. ಇನ್ನೂರು ಸಲ ಸೆಲ್ಫ್ ಹೊಡೆದರೂ ಮೊತ್ತ ಕದಲಲಿಲ್ಲ.

ಮುಚ್ಚಳದ ಒಳಗಿನ ಹಳೆಯ ಕಾಗದವನ್ನು ಕೆರೆದು ತೆಗೆದು ಹೊಸದನ್ನು ಅಂಟಿಸಿದೆ. ಪೆಟ್ಟಿಗೆ ಎಲ್ಲಿಂದಲೇ ವಾಪಸು ಬರಲಿ, ಮೊದಲು ಮೊತ್ತವನ್ನು ಓದಿ ಬರೆದುಕೊಳ್ಳಬೇಕು, ಇಬ್ಬರು ನೋಡಬೇಕು, ಆಮೇಲೆ ರೀಸೆಟ್.

ಕೊನೆಯ ಪರೀಕ್ಷೆ ತುರ್ಭೆಯ ಅಂಗಳದಲ್ಲಿ, ಅದೇ ವ್ಯಾನಿನಲ್ಲಿ. ಕೂತ ಬ್ಯಾಟರಿ ಹಾಕಿ ಹತ್ತು ಸಲ ಸೆಲ್ಫ್ ಹೊಡೆದು, ಆಮೇಲೆ ಹ್ಯಾಂಡಲಿನಿಂದ ಶುರು ಮಾಡಬೇಕು ಎಂದು ಎಂಜಿನಿಯರ್ ಹೇಳಿದ್ದರು. ಹತ್ತು ಸಲ ಆಯಿತು. ಮೊತ್ತ ಸರಿಯಿತ್ತು. ಆಮೇಲೆ ಎಲ್ಲರೂ ವ್ಯಾನಿನ ಮುಂದೆ ನಿಂತರು. ಹೊಸ ಡ್ರೈವರ್ ಹ್ಯಾಂಡಲನ್ನು ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡ. ಅವನನ್ನು ಒತ್ತಾಯಿಸುವ ಮುಖ ಯಾರಿಗೂ ಇರಲಿಲ್ಲ.

"ನಾನು ಹೊಡೀತೇನೆ," ಎಂದೆ.

ಮಾಲೀಕರು ಏನೋ ಹೇಳಹೊರಟರು. ಎಂಜಿನಿಯರ್ ಕೈಯೆತ್ತಿ ತಡೆದರು. ಕಾಕಾ ಅಂದು ಬಂದಿದ್ದರು. ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಅವರು ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಸೀರಿ ಸೆರಗು ಬಿಗಿ ಕಟ್ಟು ಮೊದಲ. ಹಾಂ. ಕೆಳಗ ಒತ್ತಬ್ಯಾಡ, ಕೆಳಗಿಂದ ಮ್ಯಾ‌ಲಕ ಎಳಿ. ಬೆರಳ ಎಲ್ಲಾ ಒಂದ ಕಡೆ. ಹೆಬ್ಬೆರಳೂ. ಒದ್ರ ಕೈ ತಾನ ಬಿಟ್ಟ ಬರಬೇಕು. ಹೆದರಿಕಿ ಬಂತಂದ್ರ ಈಗ ಹೇಳು."

"ಬಂದಿದೆ ಕಾಕಾ."

"ಬಂದ್ರ ಚಲೋ. ಎಳಿ."

ಮೊದಲ ಸಲ ಅರ್ಧ ಸುತ್ತೂ ಬರಲಿಲ್ಲ. ಎಂಜಿನ್ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸಲ ತಿರುಗಿತು, ಹೊತ್ತಲಿಲ್ಲ. ಭುಜ ಕಿತ್ತು ಬಂದಂತಾಯಿತು. ಮೂರನೆಯ ಸಲ ಕಾಲು ಅಗಲಿಸಿ ನಿಂತು, ಬೆನ್ನು ಕೊಟ್ಟು ಎಳೆದೆ. ಪಿಸ್ಟನ್ ಏರಿದ್ದು ಕೈಗೆ ಗೊತ್ತಾಯಿತು, ಒಂದು ಕ್ಷಣ ಎಲ್ಲ ತಡೆದು ನಿಂತಂತೆ. ಆಮೇಲೆ ಹ್ಯಾಂಡಲ್ ಹಗುರಾಯಿತು, ಎಂಜಿನ್ ಗರ್ರ್ ಎಂದು ಹೊತ್ತಿಕೊಂಡಿತು. ನಾನು ಹಿಂದಕ್ಕೆ ಸರಿದು ಅಂಗಳದ ಮಣ್ಣಿನಲ್ಲಿ ಕೂತೇಬಿಟ್ಟೆ. ಕೈ ನೆಟ್ಟಗಿತ್ತು.

ಒಳಗೆ ಹೋದ ಮೇಲೆ ಎಂಜಿನಿಯರ್ ಹಳೆಯ ವರದಿಯನ್ನು ತಾವೇ ಹರಿದರು. ಹೊಸದು ಟೈಪ್ ಆಗಿ ತಯಾರಿತ್ತು. ನಾನೂ ಮಾಲೀಕರೂ ಸಹಿ ಹಾಕಿದೆವು. ಕಾಕಾನ ಮಣಿಕಟ್ಟು ಮೊದಲಿನಷ್ಟು ತಿರುಗಲಾರದೆಂದು ಡಾಕ್ಟರು ಆಗಲೇ ಹೇಳಿದ್ದರು. ಅವರನ್ನು ತೆಗೆಯದೆ, ಬಿಡಿಭಾಗಗಳ ಸ್ಟೋರಿನಲ್ಲಿ ಕೆಲಸ ಕೊಡುವುದೆಂದು ಆಯಿತು. ಇಪ್ಪತ್ತೈದು ವರ್ಷ ಸ್ಟಿಯರಿಂಗ್ ಹಿಡಿದವರಿಗೆ ಅದು ಸಣ್ಣ ನಷ್ಟವಲ್ಲ. ಅದನ್ನು ಸರಿ ಮಾಡುವ ಬೋರ್ಡು ನನ್ನ ಹತ್ತಿರ ಇರಲಿಲ್ಲ.

ವರದಿಯ ಒಂದು ಪ್ರತಿ ಅವರಿಗೂ ಸಿಕ್ಕಿತು. ಗೇಟಿನ ಹೊರಗೆ ಬಸ್ಸಿಗೆ ಕಾಯುವಾಗ ಅದನ್ನು ಎಡಗೈಯಿಂದ ಅಂಗಿಯ ಜೇಬಿನಿಂದ ತೆಗೆದು ನನ್ನ ಕಡೆ ಚಾಚಿದರು.

"ಇಂಗ್ಲಿಷ್ ನನಗ ಬರೂದಿಲ್ಲ. ನನ್ನ ಹೆಸರಿನ ಮುಂದ ಏನ ಬರದಾರ, ಅಷ್ಟ ಓದು."

ನಾನು ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. "ಡ್ರೈವರ್ ಹ್ಯಾಂಡಲನ್ನು ತಪ್ಪಾಗಿ ಹಿಡಿದಿದ್ದರು ಎನ್ನಲು ಯಾವ ಆಧಾರವೂ ಇಲ್ಲ. ಅವರ ಮೇಲೆ ಯಾವ ದೋಷವೂ ಇಲ್ಲ."

ಬಸ್ಸು ಬಂದು ನಿಂತಿತು. ಜನ ಹತ್ತತೊಡಗಿದರು. ಕಾಕಾ ಹತ್ತಲಿಲ್ಲ.

"ಇನ್ನೊಮ್ಮೆ ಓದು, ತಂಗೆವ್ವ," ಎಂದರು. "ಸಾವಕಾಶ."

ಬಸ್ಸು ಹೋಗಲಿ ಎಂದು ಬಿಟ್ಟು, ನಾನು ಇನ್ನೊಮ್ಮೆ ಓದಿದೆ.